ಏಟಿಗೆ 500, ಮಾತಿಗೆ 1,000: ಜಾನ್ ಮೆಕ್‌ಗ್ರಾ ಅವರ ಬದುಕು

ನಮ್ಮ ವಾರ್ತಾಪತ್ರದ ಈ ಪುಟದಲ್ಲಿ ಸಾಮಾನ್ಯವಾಗಿ ವಿಜ್ಞಾನಿಗಳು, ಸಾಹಿತಿಗಳು, ಸ್ವಾತಂತ್ರ್ಯ ಹೋರಾಟಗಾರರ ಜೀವನ ಪರಿಚಯ ಬರುತ್ತದೆ. ಓದಿ ಮುಗಿಸುವಾಗ ನಾವೂ ಅವರಂತೆ ಆಗಬೇಕು ಎಂಬ ಆಸೆ ಹುಟ್ಟುತ್ತದೆ. ಈ ಸಲ ನಾನು ಆರಿಸಿಕೊಂಡಿರುವ ವ್ಯಕ್ತಿ ಆ ಸಾಲಿಗೆ ಪೂರ್ತಿಯಾಗಿ ಸೇರುವವರಲ್ಲ. ಅವರ ಬದುಕಿನಲ್ಲಿ ಕಲಿಯುವಂಥದ್ದು ಬಹಳ ಇದೆ, ದೂರ ಇಡಬೇಕಾದದ್ದೂ ಅಷ್ಟೇ ಇದೆ. ಅವರು ಅಮೆರಿಕದ ಬೇಸ್‌ಬಾಲ್ ತರಬೇತುದಾರ ಜಾನ್ ಮೆಕ್‌ಗ್ರಾ.

ಇವರನ್ನೇ ಆರಿಸಿಕೊಳ್ಳಲು ಕಾರಣವಿದೆ. ಅಂಪೈರ್ ಅಥವಾ ರೆಫರಿಯನ್ನು ಬಹಿರಂಗವಾಗಿ ಟೀಕಿಸಿದ ತರಬೇತುದಾರರಿಗೆ ಲೀಗ್ ದಂಡ ಹಾಕುವುದು ಸರಿಯೇ ಎಂಬ ಪ್ರಶ್ನೆ ಇಂದಿಗೂ ಎಲ್ಲ ಆಟಗಳಲ್ಲೂ ಏಳುತ್ತಿದೆ. ಮಾತಾಡುವುದು ಹಕ್ಕು ಎನ್ನುವವರಿದ್ದಾರೆ, ಆಟದ ಶಿಸ್ತು ಮುಖ್ಯ ಎನ್ನುವವರಿದ್ದಾರೆ. ಮೆಕ್‌ಗ್ರಾ ಅವರ ಬದುಕಿನಲ್ಲಿ ಈ ಪ್ರಶ್ನೆ ಒಮ್ಮೆಯಲ್ಲ, ಮತ್ತೆ ಮತ್ತೆ ಎದುರಾಯಿತು. 1917ರಲ್ಲಂತೂ ಅಂಪೈರ್‌ಗೆ ಹೊಡೆದದ್ದಕ್ಕೆ 500 ಡಾಲರ್, ಆಮೇಲೆ ಪತ್ರಿಕೆಯವರ ಮುಂದೆ ಆಡಿದ ಮಾತಿಗೆ 1,000 ಡಾಲರ್ ದಂಡ ಬಿತ್ತು. ಏಟಿಗಿಂತ ಮಾತಿಗೆ ಎರಡು ಪಟ್ಟು ಬೆಲೆ ಏಕೆ? ಈ ಲೇಖನ ಬರೆಯುವಾಗ ನನ್ನನ್ನು ಕಾಡಿದ್ದು ಇದೇ ಪ್ರಶ್ನೆ.

ಕಷ್ಟದ ಬಾಲ್ಯ

ಜಾನ್ ಮೆಕ್‌ಗ್ರಾ ಹುಟ್ಟಿದ್ದು 1873ರ ಏಪ್ರಿಲ್ 7ರಂದು, ನ್ಯೂಯಾರ್ಕ್ ರಾಜ್ಯದ ಟ್ರಕ್ಸ್‌ಟನ್ ಎಂಬ ಸಣ್ಣ ಊರಿನಲ್ಲಿ. ತಂದೆ ಐರ್ಲೆಂಡಿನಿಂದ ವಲಸೆ ಬಂದವರು, ರೈಲು ಹಳಿಯ ಕೆಲಸ ಮಾಡುತ್ತಿದ್ದರು. ಮನೆ ತುಂಬ ಮಕ್ಕಳು. ಜಾನ್‌ಗೆ ಇನ್ನೂ 12 ವರ್ಷ ತುಂಬುವ ಮೊದಲೇ ಡಿಫ್ತೀರಿಯಾ ಎಂಬ ಗಂಟಲು ರೋಗ ಊರಿಗೆ ಬಂತು. ಕೆಲವೇ ವಾರಗಳಲ್ಲಿ ತಾಯಿಯೂ ಒಡಹುಟ್ಟಿದ ಹಲವರೂ ತೀರಿಕೊಂಡರು. ದುಃಖದಲ್ಲಿ ಮುಳುಗಿದ ತಂದೆ ಸಿಡುಕರಾದರು. ಹುಡುಗನಿಗೋ ಚೆಂಡಾಟದ ಹುಚ್ಚು. ಚೆಂಡು ಬಡಿದು ಅಕ್ಕಪಕ್ಕದವರ ಕಿಟಕಿಯ ಗಾಜು ಒಡೆದರೆ ದುಡ್ಡು ಕಟ್ಟಬೇಕಾದವರು ತಂದೆ. ಒಂದು ದಿನ ಹೊಡೆತ ತಡೆಯಲಾರದೆ ಹುಡುಗ ಮನೆ ಬಿಟ್ಟು ಓಡಿದ. ಎದುರು ಬೀದಿಯಲ್ಲಿ ವಸತಿಗೃಹ ನಡೆಸುತ್ತಿದ್ದ ಮೇರಿ ಗೊಡಾರ್ಡ್ ಎಂಬ ತಾಯಿ ಅವನನ್ನು ತನ್ನ ಮಕ್ಕಳ ಜೊತೆ ಸಾಕಿದರು.

ಆಮೇಲೆ ಜಾನ್ ರೈಲಿನಲ್ಲಿ ಸಿಹಿತಿಂಡಿ, ಹಣ್ಣು ಮಾರಿದ. ಉಳಿಸಿದ ಕಾಸಿನಲ್ಲಿ ಬೇಸ್‌ಬಾಲ್ ನಿಯಮಗಳ ಪುಸ್ತಕ ಕೊಂಡು ಓದಿದ. ಊರಿನಲ್ಲಿ ನಿಯಮದ ಬಗ್ಗೆ ಜಗಳ ಬಂದರೆ ದೊಡ್ಡವರೂ ಆ ಹುಡುಗನನ್ನು ಕೇಳುತ್ತಿದ್ದರಂತೆ. ಮುಂದೆ ಅಂಪೈರ್‌ಗಳ ಜೊತೆ ಅವರು ನಡೆಸಿದ ವಾದಗಳಿಗೆ ಬುನಾದಿ ಇಲ್ಲೇ ಬಿತ್ತು ಎನ್ನಬಹುದು. ನಿಯಮ ತಿಳಿಯದೆ ಕೂಗಾಡುವವರಲ್ಲ ಅವರು. ತಿಳಿದೇ ಕೂಗಾಡುವವರು.

1891ರಲ್ಲಿ, 18ನೇ ವಯಸ್ಸಿನಲ್ಲಿ, ಮೆಕ್‌ಗ್ರಾ ಬಾಲ್ಟಿಮೋರ್ ಓರಿಯೋಲ್ಸ್ ತಂಡ ಸೇರಿದರು. ಕೈತುಂಬ ಸಂಬಳ ಬಂದರೂ ಓದು ಅರ್ಧಕ್ಕೆ ನಿಂತದ್ದು ಅವರಿಗೆ ಕೊರತೆಯಾಗಿಯೇ ಕಂಡಿತು. ಆದ್ದರಿಂದ ಚಳಿಗಾಲದಲ್ಲಿ, ಪಂದ್ಯಗಳಿಲ್ಲದ ತಿಂಗಳುಗಳಲ್ಲಿ, ಸೇಂಟ್ ಬೊನವೆಂಚರ್ ಕಾಲೇಜಿಗೆ ಹೋಗಿ ಒಂದು ಒಪ್ಪಂದ ಮಾಡಿಕೊಂಡರು. ಅವರು ಕಾಲೇಜು ತಂಡಕ್ಕೆ ಆಟ ಕಲಿಸುವುದು, ಕಾಲೇಜು ಅವರಿಗೆ ಶುಲ್ಕವಿಲ್ಲದೆ ಪಾಠ ಹೇಳುವುದು. ಸಹ ಆಟಗಾರ ಹ್ಯೂಯಿ ಜೆನ್ನಿಂಗ್ಸ್ ಅವರನ್ನೂ ಅಲ್ಲಿಗೆ ಕರೆದೊಯ್ದರು. ಜೆನ್ನಿಂಗ್ಸ್ ಮುಂದೆ ಕಾನೂನು ಓದಿ ವಕೀಲರಾದರು. ಕ್ರೀಡೆಗಾಗಿ ಓದು ಬಿಡುವ ಯೋಚನೆಯಲ್ಲಿರುವ ನಮ್ಮ ಗೆಳೆಯರು ಈ ಮಾತನ್ನು ನೆನಪಿನಲ್ಲಿಡಲಿ.

ಒಬ್ಬನೇ ಅಂಪೈರ್

ಆಗಿನ ಬೇಸ್‌ಬಾಲ್ ಹೇಗಿತ್ತು ಎಂಬುದನ್ನು ಸ್ವಲ್ಪ ಹೇಳಬೇಕು. ಬ್ಯಾಟ್ ಬೀಸಿದವನು ಚೌಕದ ಮೂಲೆಗಳಲ್ಲಿರುವ ಮೂರು ಬೇಸ್‌ಗಳನ್ನು ಕ್ರಮವಾಗಿ ಮುಟ್ಟಿ, ಹೊರಟ ಜಾಗಕ್ಕೆ ಮರಳಿದರೆ ಒಂದು ರನ್. ಇಡೀ ಮೈದಾನಕ್ಕೆ ಸಾಮಾನ್ಯವಾಗಿ ಒಬ್ಬನೇ ಅಂಪೈರ್. ಆತ ಚೆಂಡಿನ ಹಿಂದೆ ಕಣ್ಣಾಡಿಸಿದರೆ ಓಟಗಾರ ಕಾಣುವುದಿಲ್ಲ, ಓಟಗಾರನನ್ನು ನೋಡಿದರೆ ಚೆಂಡು ಕಾಣುವುದಿಲ್ಲ. ಓರಿಯೋಲ್ಸ್ ತಂಡ ಇದನ್ನೇ ಬಂಡವಾಳ ಮಾಡಿಕೊಂಡಿತು. ಅಂಪೈರ್ ಬೇರೆ ಕಡೆ ತಿರುಗಿದಾಗ ಮೂರನೇ ಬೇಸ್‌ನಲ್ಲಿ ನಿಂತ ಮೆಕ್‌ಗ್ರಾ ಎದುರಾಳಿ ಓಟಗಾರನ ಸೊಂಟದ ಬೆಲ್ಟ್ ಹಿಡಿದು ನಿಲ್ಲಿಸುತ್ತಿದ್ದರು. ಅಂಪೈರ್ ತಿರುಗಿ ನೋಡಿ ತೀರ್ಪು ಕೊಟ್ಟರೆ ಮೈಮೇಲೆ ಏರಿ ಹೋಗುತ್ತಿದ್ದರು. ಆ ತಂಡ 1894, 1895, 1896ರಲ್ಲಿ ಸತತ ಮೂರು ಸಲ ನ್ಯಾಷನಲ್ ಲೀಗ್ ಗೆದ್ದಿತು. ಅಂಪೈರ್ ಕೆಲಸಕ್ಕೆ ಮಾತ್ರ ಜನ ಸಿಗುವುದು ಕಷ್ಟವಾಯಿತು.

1901ರಲ್ಲಿ ಬ್ಯಾನ್ ಜಾನ್ಸನ್ ಎಂಬುವರ ಮುಂದಾಳತ್ವದಲ್ಲಿ ಅಮೆರಿಕನ್ ಲೀಗ್ ಎದ್ದು ನಿಂತಿತು. ಹೆಂಗಸರೂ ಮಕ್ಕಳೂ ನೆಮ್ಮದಿಯಿಂದ ಬಂದು ಪಂದ್ಯ ನೋಡಬೇಕು, ಅದಕ್ಕೆ ಮೊದಲು ಅಂಪೈರ್‌ಗೆ ಗೌರವ ಸಿಗಬೇಕು ಎಂಬುದು ಜಾನ್ಸನ್ ಅವರ ನೀತಿ. ಆ ಲೀಗಿನ ಬಾಲ್ಟಿಮೋರ್ ತಂಡಕ್ಕೆ ಮೆಕ್‌ಗ್ರಾ ಅವರೇ ಮ್ಯಾನೇಜರ್. ಬೇಸ್‌ಬಾಲ್‌ನಲ್ಲಿ ತರಬೇತುದಾರನನ್ನು ಮ್ಯಾನೇಜರ್ ಎಂದೇ ಕರೆಯುತ್ತಾರೆ. ಇಬ್ಬರಿಗೂ ಹೊಂದಲಿಲ್ಲ. ಅಂಪೈರ್‌ಗಳ ಜೊತೆ ಜಗಳ ನಿಲ್ಲದಿದ್ದಾಗ 1902ರಲ್ಲಿ ಜಾನ್ಸನ್ ಅವರನ್ನು ಅನಿರ್ದಿಷ್ಟ ಕಾಲ ಅಮಾನತು ಮಾಡಿದರು. ಮೆಕ್‌ಗ್ರಾ ಹಳೆಯ ನ್ಯಾಷನಲ್ ಲೀಗಿನ ನ್ಯೂಯಾರ್ಕ್ ಜೈಂಟ್ಸ್ ತಂಡಕ್ಕೆ ಹೊರಟೇ ಹೋದರು. ಅಲ್ಲಿಂದ 1932ರವರೆಗೆ, ಅಂದರೆ 30 ವರ್ಷ, ಆ ತಂಡವನ್ನು ಅವರೇ ನಡೆಸಿದರು.

1905ರ ತಡೆಯಾಜ್ಞೆ

ಜೈಂಟ್ಸ್ 1904ರಲ್ಲೂ 1905ರಲ್ಲೂ ಲೀಗ್ ಗೆದ್ದಿತು. 1905ರಲ್ಲಿ ವರ್ಲ್ಡ್ ಸೀರೀಸ್ ಕೂಡ ಗೆದ್ದಿತು. ಅದೇ ವರ್ಷ ಮೆಕ್‌ಗ್ರಾ ಎದುರಾಳಿ ಪಿಟ್ಸ್‌ಬರ್ಗ್ ತಂಡದ ಮಾಲೀಕ ಬಾರ್ನಿ ಡ್ರೈಫಸ್ ಅವರನ್ನು ಜನರೆದುರು ಹೀಯಾಳಿಸಿದರು. ಲೀಗಿನ ಅಧ್ಯಕ್ಷ ಹ್ಯಾರಿ ಪುಲಿಯಮ್ ಹಿಂದೆ ಡ್ರೈಫಸ್ ಅವರ ಬಳಿಯೇ ಕೆಲಸ ಮಾಡಿದವರು. ಹೀಗಾಗಿ ಅಧ್ಯಕ್ಷರು ಪಕ್ಷಪಾತಿ ಎಂದು ಮೆಕ್‌ಗ್ರಾ ದೂರಿದರು. ಪುಲಿಯಮ್ ಅವರಿಗೆ 150 ಡಾಲರ್ ದಂಡ, 15 ದಿನ ಅಮಾನತು ವಿಧಿಸಿದರು. ಜೈಂಟ್ಸ್ ತಂಡ ಬಾಸ್ಟನ್ ನ್ಯಾಯಾಲಯಕ್ಕೆ ಹೋಗಿ ಆ ಆದೇಶಕ್ಕೆ ತಡೆಯಾಜ್ಞೆ ತಂದಿತು.

ಇಲ್ಲಿ ಮೆಕ್‌ಗ್ರಾ ಕಡೆಗೂ ನ್ಯಾಯವಿದೆ ಎಂದು ನನಗೆ ಅನಿಸುತ್ತದೆ. ಟೀಕೆಗೆ ಒಳಗಾದವರೇ ತೀರ್ಪುಗಾರರಾಗಿ ಕುಳಿತರೆ ದಂಡ ಎಷ್ಟೇ ಸಣ್ಣದಿರಲಿ, ಅದು ನ್ಯಾಯದಂತೆ ಕಾಣುವುದಿಲ್ಲ, ಸೇಡಿನಂತೆ ಕಾಣುತ್ತದೆ. ಈ ಅಂಶವನ್ನು ಬದಿಗಿಟ್ಟುಕೊಂಡು ಮುಂದೆ ನೋಡೋಣ.

ಮರ್ಕಲ್ ಮುಟ್ಟದ ಬೇಸ್

1908ರ ಸೆಪ್ಟೆಂಬರ್ 23. ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್‌ನಲ್ಲಿ ಜೈಂಟ್ಸ್ ಮತ್ತು ಶಿಕಾಗೋ ಕಬ್ಸ್ ನಡುವೆ ಪಂದ್ಯ. ಲೀಗ್ ಪ್ರಶಸ್ತಿ ಯಾರಿಗೆ ಎಂಬುದು ಇಂಥ ಪಂದ್ಯಗಳ ಮೇಲೆಯೇ ನಿಂತಿತ್ತು. ಕೊನೆಯ ಹಂತದಲ್ಲಿ 1–1 ಸಮ. ಜೈಂಟ್ಸ್‌ನ ಇಬ್ಬರು ಔಟಾಗಿದ್ದಾರೆ. ಮೂರನೇ ಬೇಸ್‌ನಲ್ಲಿ ಒಬ್ಬ ಓಟಗಾರ, ಮೊದಲ ಬೇಸ್‌ನಲ್ಲಿ 19 ವರ್ಷದ ಫ್ರೆಡ್ ಮರ್ಕಲ್. ನಮಗಿಂತ ಒಂದೆರಡು ವರ್ಷ ದೊಡ್ಡ ಹುಡುಗ. ಬ್ಯಾಟ್ಸ್‌ಮನ್ ಚೆಂಡನ್ನು ಚೆನ್ನಾಗಿ ಬಾರಿಸಿದ, ಮೂರನೇ ಬೇಸ್‌ನವನು ಓಡಿ ಬಂದ. ಗೆದ್ದೆವೆಂದು ಪ್ರೇಕ್ಷಕರು ಮೈದಾನಕ್ಕೆ ನುಗ್ಗಿದರು. ಗದ್ದಲ ಕಂಡ ಮರ್ಕಲ್ ಎರಡನೇ ಬೇಸ್ ಮುಟ್ಟದೆ ನೇರವಾಗಿ ವಿಶ್ರಾಂತಿ ಕೊಠಡಿಯ ಕಡೆ ಓಡಿದ.

ನಿಯಮದ ಪ್ರಕಾರ ಅವನು ಎರಡನೇ ಬೇಸ್ ಮುಟ್ಟಲೇಬೇಕಿತ್ತು. ಅವನು ಮುಟ್ಟುವ ಮೊದಲು ಎದುರಾಳಿ ಚೆಂಡಿನೊಂದಿಗೆ ಆ ಬೇಸ್ ಮುಟ್ಟಿದರೆ ಮೂರನೇ ಔಟ್, ರನ್ ಲೆಕ್ಕಕ್ಕಿಲ್ಲ. ಆದರೆ ಅಂಥ ಗದ್ದಲದಲ್ಲಿ ಆ ನಿಯಮವನ್ನು ಯಾರೂ ಹಿಡಿದು ಕೂರುತ್ತಿರಲಿಲ್ಲ. ಶಿಕಾಗೋದ ಜಾನಿ ಎವರ್ಸ್ ಮಾತ್ರ ಹಿಡಿದು ಕೂತರು. ಎಲ್ಲಿಂದಲೋ ಚೆಂಡು ತರಿಸಿ ಎರಡನೇ ಬೇಸ್ ಮೇಲೆ ನಿಂತು ಔಟ್ ಕೇಳಿದರು. ಅಂದು ಇಬ್ಬರು ಅಂಪೈರ್‌ಗಳಿದ್ದರು. ಬಾಬ್ ಎಮ್ಸ್ಲಿ ತಾನು ನೋಡಲಿಲ್ಲ ಎಂದರು. ಹ್ಯಾಂಕ್ ಓಡೇ ನೋಡಿದ್ದರು. ಸುತ್ತ ಸಾವಿರಾರು ಜನ ಕೂಗುತ್ತಿದ್ದರೂ ಅವರು ಔಟ್ ಎಂದೇ ತೀರ್ಪು ಕೊಟ್ಟರು. ಪಂದ್ಯ ಸಮ ಎಂದಾಯಿತು, ಅಧ್ಯಕ್ಷ ಪುಲಿಯಮ್ ಅದನ್ನೇ ಎತ್ತಿಹಿಡಿದರು. ಅಕ್ಟೋಬರ್ 8ರಂದು ಮರುಪಂದ್ಯ ನಡೆದು ಶಿಕಾಗೋ 4–2ರಿಂದ ಗೆದ್ದು ಪ್ರಶಸ್ತಿ ಒಯ್ದಿತು.

ಪ್ರಶಸ್ತಿಯನ್ನು ತಮ್ಮಿಂದ ಕಿತ್ತುಕೊಂಡರು ಎಂದೇ ಮೆಕ್‌ಗ್ರಾ ಕೊನೆಯವರೆಗೂ ಹೇಳಿದರು. ನ್ಯೂಯಾರ್ಕಿನ ಪತ್ರಿಕೆಗಳೂ ಜನರೂ ಅಂಪೈರ್ ಮೇಲೆ, ಪುಲಿಯಮ್ ಮೇಲೆ ಹರಿಹಾಯ್ದರು. ಆದರೆ ನಿಯಮ ಪುಸ್ತಕ ತೆರೆದು ನೋಡಿದರೆ ಓಡೇ ಕೊಟ್ಟ ತೀರ್ಪು ಸರಿ. ಆ ಕಾಲದಲ್ಲಿ ಅತಿ ಹೆಚ್ಚು ಬೈಗುಳ ತಿಂದ ತೀರ್ಪು ಸರಿಯಾದ ತೀರ್ಪೇ ಆಗಿತ್ತು! ಇನ್ನೊಂದು ಸಂಗತಿ. ಆ ಮರುಪಂದ್ಯಕ್ಕೆ ಮುನ್ನ ಜೈಂಟ್ಸ್ ಪರ ತೀರ್ಪು ಕೊಡುವಂತೆ ಅಂಪೈರ್ ಬಿಲ್ ಕ್ಲೆಮ್ ಅವರಿಗೆ ಹಣದ ಆಮಿಷ ಬಂತು. ಕ್ಲೆಮ್ ಅದನ್ನು ತಳ್ಳಿಹಾಕಿ ಲೀಗಿಗೆ ದೂರು ಕೊಟ್ಟರು. ಇದರಲ್ಲಿ ಮೆಕ್‌ಗ್ರಾ ಅವರ ಕೈವಾಡ ಇತ್ತು ಎಂದು ಸಾಬೀತಾಗಿಲ್ಲ. ಆದರೆ ಅವರು ವರ್ಷಗಟ್ಟಲೆ ಹೀಯಾಳಿಸಿದ ಅಂಪೈರ್ ಎಂಥ ಮನುಷ್ಯ ಎಂಬುದು ಇದರಿಂದ ತಿಳಿಯುತ್ತದೆ.

ಪುಲಿಯಮ್ ಅವರ ಕಥೆ ದುಃಖದ್ದು. ಸೂಕ್ಷ್ಮ ಸ್ವಭಾವದ ಅವರ ಆರೋಗ್ಯ ಕೆಟ್ಟು, 1909ರಲ್ಲಿ ಕೆಲಕಾಲ ರಜೆಯ ಮೇಲೆ ಹೋದರು. ಮರಳಿ ಬಂದರೂ ಚೇತರಿಸಿಕೊಳ್ಳಲಿಲ್ಲ. ಅದೇ ಜುಲೈನಲ್ಲಿ, 40ನೇ ವಯಸ್ಸಿನಲ್ಲಿ, ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಇಂಥ ಸಾವಿಗೆ ಯಾವುದೋ ಒಂದೇ ಕಾರಣ ಎಂದು ಬೆರಳು ತೋರಿಸುವುದು ತಪ್ಪು. ಆದರೆ ಅಧಿಕಾರದ ಕುರ್ಚಿಯಲ್ಲಿ ಕೂತವರಿಗೂ ಮಾತು ತಾಗುತ್ತದೆ ಎಂಬುದನ್ನು ಮರೆಯಬಾರದು.

ಇದೇ ಘಟನೆಯಲ್ಲಿ ಮೆಕ್‌ಗ್ರಾ ಅವರ ದೊಡ್ಡ ಗುಣವೂ ಕಾಣುತ್ತದೆ. ಇಡೀ ನ್ಯೂಯಾರ್ಕ್ ಮರ್ಕಲ್‌ನನ್ನು ಮೂರ್ಖ ಎಂದು ಜರೆಯುತ್ತಿದ್ದಾಗ ಅವರು ಆ ಹುಡುಗನ ಮೇಲೆ ಒಂದು ಮಾತೂ ಬರಲು ಬಿಡಲಿಲ್ಲ. ಮುಂದಿನ ವರ್ಷಕ್ಕೆ ಅವನ ಸಂಬಳ ಹೆಚ್ಚಿಸಿದರು, ತಂಡದಲ್ಲಿ ಉಳಿಸಿಕೊಂಡು ಬೆಳೆಸಿದರು. ಕಷ್ಟಕ್ಕೆ ಬಿದ್ದ ಹಳೆಯ ಆಟಗಾರರಿಗೆ ತಮ್ಮ ಮೈದಾನದಲ್ಲೇ ಕಾವಲುಗಾರಿಕೆಯಂಥ ಕೆಲಸ ಕೊಡಿಸಿದರು. ತನ್ನವರ ತಪ್ಪನ್ನು ಇಷ್ಟು ಕ್ಷಮಿಸಬಲ್ಲ ಮನುಷ್ಯ ಅಂಪೈರ್‌ನ ತಪ್ಪನ್ನು ಮಾತ್ರ ಕ್ಷಮಿಸಲಾರದೆ ಹೋದರು.

1917ರ ಎರಡು ದಂಡ

1917ರ ಜೂನ್‌ನಲ್ಲಿ ಸಿನ್ಸಿನಾಟಿಯಲ್ಲಿ ಪಂದ್ಯ ಮುಗಿದ ಮೇಲೆ ಮೆಕ್‌ಗ್ರಾ ಮತ್ತು ಅಂಪೈರ್ ಬಿಲ್ ಬೈರನ್ ನಡುವೆ ಮಾತಿಗೆ ಮಾತು ಬೆಳೆಯಿತು. ಮೆಕ್‌ಗ್ರಾ ಅವರನ್ನು ಬಾಲ್ಟಿಮೋರಿನಿಂದ ಓಡಿಸಿದ್ದರು ಎಂಬರ್ಥದ ಮಾತು ಬೈರನ್ ಬಾಯಿಂದ ಬಂತು. ಅಂದರೆ ಅಂಪೈರ್ ಕೂಡ ಸುಮ್ಮನಿರಲಿಲ್ಲ. ಮೆಕ್‌ಗ್ರಾ ಮುಷ್ಟಿ ಬೀಸಿದರು. ಆಗ ಲೀಗಿನ ಅಧ್ಯಕ್ಷರಾಗಿದ್ದವರು ಜಾನ್ ಟೆನರ್, ಪೆನ್ಸಿಲ್ವೇನಿಯಾ ರಾಜ್ಯದ ಮಾಜಿ ಗವರ್ನರ್. ಅವರು 500 ಡಾಲರ್ ದಂಡ, 16 ದಿನ ಅಮಾನತು ವಿಧಿಸಿದರು.

ಸಿಟ್ಟಿಗೆದ್ದ ಮೆಕ್‌ಗ್ರಾ ಪತ್ರಿಕಾ ವರದಿಗಾರರ ಮುಂದೆ ಅಂಪೈರ್‌ಗಳ ಯೋಗ್ಯತೆಯನ್ನೂ ಅಧ್ಯಕ್ಷರ ನಿಷ್ಪಕ್ಷಪಾತವನ್ನೂ ಪ್ರಶ್ನಿಸಿ ಕಟುವಾಗಿ ಮಾತಾಡಿದರು. ಪತ್ರಿಕೆಗಳಲ್ಲಿ ಅದು ಬಂತು. ಲೀಗ್ ವಿವರಣೆ ಕೇಳಿತು. ಆಗ ಅವರು ತಾನು ಹಾಗೆ ಹೇಳಲೇ ಇಲ್ಲ ಎಂಬ ಹೇಳಿಕೆಗೆ ಸಹಿ ಹಾಕಿದರು. ಹಾಗಾದರೆ ಸುಳ್ಳು ಬರೆದವರು ಯಾರು? ವರದಿಗಾರರು! ಅವರು ಒಟ್ಟಾಗಿ ಪ್ರತಿಭಟಿಸಿದರು. ಮತ್ತೆ ವಿಚಾರಣೆ ನಡೆಯಿತು, ಮಾತು ಆಡಿದ್ದು ನಿಜವೆಂದು ತೀರ್ಮಾನವಾಯಿತು. ಟೆನರ್ ಇನ್ನೂ 1,000 ಡಾಲರ್ ದಂಡ ಹಾಕಿದರು. ವರ್ಷಗಳಿಂದ ಜೊತೆಗಿದ್ದ ವರದಿಗಾರ ಸಿಡ್ ಮರ್ಸರ್ ಅವರ ಸ್ನೇಹವೂ ಮುರಿಯಿತು.

ದಂಡ ಕಟ್ಟಿದ ಮೇಲೆ ಮೆಕ್‌ಗ್ರಾ ಬದಲಾದರೇ? ಇಲ್ಲ. ಅಂದಿನ ಕ್ರೀಡಾಲೋಕದಲ್ಲಿ ಅತಿ ಹೆಚ್ಚು ಸಂಬಳ ಪಡೆಯುವವರಲ್ಲಿ ಅವರೂ ಒಬ್ಬರು. ಆ ವರ್ಷವೂ ಜೈಂಟ್ಸ್ ಲೀಗ್ ಗೆದ್ದಿತು. 1921 ಮತ್ತು 1922ರಲ್ಲಿ ಮತ್ತೆ ಎರಡು ವರ್ಲ್ಡ್ ಸೀರೀಸ್ ಬಂದವು. ಒಟ್ಟು 10 ಲೀಗ್ ಪ್ರಶಸ್ತಿ, 2,763 ಗೆಲುವು. ಜೊತೆಗೆ ಸುಮಾರು 130 ಸಲ ಅಂಪೈರ್‌ಗಳು ಅವರನ್ನು ಮೈದಾನದಿಂದ ಹೊರಗೆ ಕಳಿಸಿದ್ದರು. ಆ ದಾಖಲೆ 2007ರವರೆಗೂ ಮುರಿಯಲಿಲ್ಲ. 1934ರ ಫೆಬ್ರವರಿ 25ರಂದು ಅವರು ತೀರಿಕೊಂಡರು. 1937ರಲ್ಲಿ ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್ ಅವರ ಹೆಸರನ್ನು ಸೇರಿಸಿಕೊಂಡಿತು. ಬಿಲ್ ಕ್ಲೆಮ್ ಅವರ ಹೆಸರು ಅಲ್ಲಿ ಸೇರಿದ್ದು 1953ರಲ್ಲಿ, ಹ್ಯಾಂಕ್ ಓಡೇ ಅವರ ಹೆಸರು 2013ರಲ್ಲಿ. ಮೆಕ್‌ಗ್ರಾ ಅವರಿಗೆ ಸಂದ ಗೌರವ ಅವರ ತೀರ್ಪುಗಾರರಿಗೆ ಸಲ್ಲಲು ಅಷ್ಟು ಕಾಲ ಬೇಕಾಯಿತು.

ಹಾಗಾದರೆ ದಂಡ ಬೇಕೇ?

ಬೇಕು ಎನ್ನುತ್ತೇನೆ ನಾನು. ಆದರೆ ಎಲ್ಲ ಟೀಕೆಗೂ ಅಲ್ಲ.

ನನ್ನ ಮಾಮು ಭಾನುವಾರಗಳಲ್ಲಿ ಅಂಡರ್‌ಆರ್ಮ್ ಕ್ರಿಕೆಟ್ ಪಂದ್ಯಾಟಗಳಿಗೆ ಅಂಪೈರ್ ಆಗಿ ಹೋಗುತ್ತಾರೆ. ಬೆಳಗ್ಗಿನಿಂದ ರಾತ್ರಿ ಫ್ಲಡ್‌ಲೈಟ್‌ವರೆಗೆ ನಿಂತರೆ ಸಿಗುವುದು ಊಟ ಮತ್ತು ಸಣ್ಣ ಸಂಭಾವನೆ. ಒಮ್ಮೆ ಸೋತ ತಂಡದ ಮ್ಯಾನೇಜರ್ ವೀಕ್ಷಕ ವಿವರಣೆಯ ಮೈಕ್ ಕೈಗೆತ್ತಿಕೊಂಡು ಅಂಪೈರ್ ದುಡ್ಡು ತಿಂದಿದ್ದಾರೆ ಎಂದುಬಿಟ್ಟರು. ಮಾಮು ಏನೂ ಹೇಳಲಿಲ್ಲ. ಹೇಳುವ ಹಾಗೂ ಇರಲಿಲ್ಲ, ಮುಂದಿನ ಪಂದ್ಯಕ್ಕೆ ಅವರೇ ನಿಲ್ಲಬೇಕಿತ್ತು. ಮರುದಿನ ಅಂಗಡಿಯಲ್ಲಿ ಜನ ಕೇಳಿದ್ದು ತೀರ್ಪಿನ ಬಗ್ಗೆ ಅಲ್ಲ, ದುಡ್ಡಿನ ಬಗ್ಗೆ. ಏಟಿಗಿಂತ ಮಾತಿಗೆ ಹೆಚ್ಚು ದಂಡ ಏಕೆ ಎಂಬುದಕ್ಕೆ ನನಗೆ ಸಿಕ್ಕ ಉತ್ತರ ಇದು. ಮುಷ್ಟಿಯ ಏಟು ಒಬ್ಬ ಬೈರನ್‌ಗೆ ಬಿತ್ತು, ಗಾಯ ಮಾಯಿತು. ಪ್ರಾಮಾಣಿಕತೆಯ ಮೇಲಿನ ಮಾತು ಅಂಪೈರ್ ನಿಲ್ಲುವ ಪ್ರತಿ ಪಂದ್ಯಕ್ಕೂ ಹಿಂಬಾಲಿಸುತ್ತದೆ. ತರಬೇತುದಾರನಿಗೆ ಮೈಕ್ ಇದೆ, ತೀರ್ಪುಗಾರನಿಗೆ ಇಲ್ಲ.

ಇಂದಿನ ಕ್ರಿಕೆಟ್‌ನಲ್ಲೂ ಈ ನಿಯಮ ಇದೆ. 2023ರ ಜುಲೈನಲ್ಲಿ ಬಾಂಗ್ಲಾದೇಶದಲ್ಲಿ ನಮ್ಮ ನಾಯಕಿ ಹರ್ಮನ್‌ಪ್ರೀತ್ ಕೌರ್ ಔಟಾದ ಸಿಟ್ಟಿಗೆ ಸ್ಟಂಪ್‌ಗೆ ಬ್ಯಾಟ್ ಬೀಸಿದರು, ಬಹುಮಾನ ವಿತರಣೆಯ ವೇಳೆ ಅಂಪೈರಿಂಗ್ ಅನ್ನು ಕಟುವಾಗಿ ಟೀಕಿಸಿದರು. ಮೊದಲನೆಯದಕ್ಕೆ ಪಂದ್ಯ ಶುಲ್ಕದ 50 ಶೇಕಡಾ, ಎರಡನೆಯದಕ್ಕೆ 25 ಶೇಕಡಾ ದಂಡ. ಜೊತೆಗೆ ಎರಡು ಪಂದ್ಯಗಳ ನಿಷೇಧ. ಇಲ್ಲಿ ಲೆಕ್ಕ ಮೆಕ್‌ಗ್ರಾ ಕಾಲದ್ದಕ್ಕಿಂತ ತಿರುಗುಮುರುಗಾಗಿದೆ. ಯಾವುದು ಹೆಚ್ಚು, ಯಾವುದು ಕಡಿಮೆ ಎಂಬ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯ ಇರಬಹುದು, ಇರಲಿ.

ಆದರೆ ಮೆಕ್‌ಗ್ರಾ ಅವರ ಬದುಕಿನಿಂದ ಮೂರು ಮಾತು ಸ್ಪಷ್ಟವಾಗುತ್ತದೆ. ಒಂದು, ತೀರ್ಪು ತಪ್ಪು ಎನ್ನುವುದು ಬೇರೆ, ತೀರ್ಪುಗಾರ ಕಳ್ಳ ಎನ್ನುವುದು ಬೇರೆ. ನಿಯಮ ಹೇಳಿ ಮೊದಲನೆಯದನ್ನು ವಾದಿಸುವವರಿಗೆ ದಂಡ ಬೇಡ. ಆಧಾರವಿಲ್ಲದೆ ಎರಡನೆಯದನ್ನು ಹೇಳಿದವರಿಗೆ ದಂಡ ಬೇಕು. ಎರಡು, ದಂಡ ಹಾಕುವವರು ಟೀಕೆಗೆ ಒಳಗಾದವರೇ ಆಗಬಾರದು. ಪುಲಿಯಮ್, ಟೆನರ್ ಇಬ್ಬರ ಆದೇಶದಲ್ಲೂ ಇದ್ದ ಕೊರತೆ ಅದೇ. ಮೂರು, ಬರೀ ದಂಡದಿಂದ ಏನೂ ಸುಧಾರಿಸುವುದಿಲ್ಲ. ಹಣವಂತನಿಗೆ ಅದು ಒಂದು ಖರ್ಚು ಮಾತ್ರ. ಅಂಪೈರಿಂಗ್ ನಿಜವಾಗಿ ಸುಧಾರಿಸಿದ್ದು ಪ್ರತಿ ಪಂದ್ಯಕ್ಕೂ ಒಬ್ಬರ ಬದಲು ಇಬ್ಬರು, ಆಮೇಲೆ ಇನ್ನೂ ಹೆಚ್ಚು ಅಂಪೈರ್‌ಗಳನ್ನು ಕೊಟ್ಟ ಮೇಲೆ. ಮೆಕ್‌ಗ್ರಾ ಕೂಗಿದ್ದರಿಂದಲ್ಲ, ಅವರಿಗೆ ದಂಡ ಹಾಕಿದ್ದರಿಂದಲೂ ಅಲ್ಲ. ಆದ್ದರಿಂದ ಬಾಯಿ ಮುಚ್ಚಿಸುವ ಲೀಗ್ ದೂರು ಕೇಳುವ ಕಿವಿಯನ್ನೂ ಇಟ್ಟುಕೊಳ್ಳಬೇಕು.

ಮುಂದಿನ ತಿಂಗಳು ನಮ್ಮ ಕಾಲೇಜಿನ ಅಂತರ್ ತರಗತಿ ಪಂದ್ಯಾಟ. ಅಂಪೈರ್ ಆಗಿ ನಿಲ್ಲುವವರು ನಮ್ಮದೇ ಉಪನ್ಯಾಸಕರು, ನಮ್ಮದೇ ಸೀನಿಯರ್‌ಗಳು. ತಂಡದ ನಾಯಕರಲ್ಲಿ ನನ್ನದೊಂದು ವಿನಂತಿ. ತೀರ್ಪು ಒಪ್ಪದಿದ್ದರೆ ಪಂದ್ಯ ಮುಗಿದ ಮೇಲೆ ದೈಹಿಕ ಶಿಕ್ಷಣ ನಿರ್ದೇಶಕರಿಗೆ ಬರವಣಿಗೆಯಲ್ಲಿ ಕೊಡಿ, ವಾಟ್ಸಾಪ್ ಸ್ಟೇಟಸ್‌ನಲ್ಲಿ ಹಾಕಬೇಡಿ. ಬೇಸ್ ಮುಟ್ಟದೆ ಓಡಿದ ಹುಡುಗನಿಗೆ ಮೆಕ್‌ಗ್ರಾ ತೋರಿಸಿದ ಸಹನೆಯಲ್ಲಿ ಒಂದಿಷ್ಟನ್ನು ಅಂಪೈರ್‌ಗೂ ತೋರಿಸೋಣ.